ಯಾರ ಕೈಯಾಗ ಸೋತೆ, ಅದನ್ನೂ ಬರಕೋ

ಹಳೆಯ ಪೈಲ್ವಾನರನ್ನು ಕಿವಿಯಿಂದ ಗುರುತಿಸಬೇಕು. ಮೈ ಇಳಿದಿರುತ್ತದೆ, ತೊಡೆ ಸೊರಗಿರುತ್ತದೆ, ಮೊಣಕಾಲು ನೋವಿಗೆ ಕೈಗೆ ಕೋಲು ಬಂದಿರುತ್ತದೆ. ಆದರೆ ಎದುರಾಳಿಯ ತಲೆಗೆ ತಿಕ್ಕಿ ತಿಕ್ಕಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುರುಟಿದ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ವಿಜಯಪುರ ಜಿಲ್ಲೆಯ ಹಿರಿಯ ಪೈಲ್ವಾನರ ಬದುಕು ಮತ್ತು ತಾಲೀಮಿನ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ನಾಲ್ಕು ವರ್ಷದಿಂದ ಸಂತೆ, ಜಾತ್ರೆ, ಬಸ್‌ ಸ್ಟ್ಯಾಂಡುಗಳಲ್ಲಿ ಮುದುಕರ ಕಿವಿ ನೋಡುತ್ತ ತಿರುಗುತ್ತಿದ್ದೇನೆ. ನನ್ನ ಅವ್ವನಿಗೆ ಇದನ್ನು ನೆಂಟರ ಮುಂದೆ ಹೇಗೆ ಹೇಳಬೇಕೆಂದು ಇನ್ನೂ ತಿಳಿದಿಲ್ಲ.

ನಮ್ಮೂರು ಮೋರಟಗಿ. ಸಿಂದಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿದೆ. ಸುತ್ತ ಎರೆಹೊಲ, ಜೋಳ, ತೊಗರಿ, ಹತ್ತಿ. ಗರಡಿಗೆ ಮಾತ್ರ ಈ ಎರೆಮಣ್ಣು ನಡೆಯುವುದಿಲ್ಲ. ಒಣಗಿದರೆ ಕಲ್ಲಾಗುತ್ತದೆ, ನೆನೆದರೆ ಮೈಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಹಿಂದೆ ದೂರದಿಂದ ಚಕ್ಕಡಿಯಲ್ಲಿ ಕೆಂಪು ಮಣ್ಣು ತರುತ್ತಿದ್ದರು. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಇಂಡಿ-ಸಿಂದಗಿ ಸೀಮೆಯಲ್ಲಿ ಲಿಂಬೆಗೆ ಬರವಿಲ್ಲ. ಅರಿಶಿನ, ಲಿಂಬೆ ಗಾಯಕ್ಕೆ ಮದ್ದು. ಎಣ್ಣೆ, ಮಜ್ಜಿಗೆ ಮಣ್ಣು ಮೆತ್ತಗಿರಲಿಕ್ಕೆ. ದಿನಾ ಬೆಳಿಗ್ಗೆ ಸಲಿಕೆಯಿಂದ ಅದನ್ನು ಅಗೆದು ಮಗುಚಿ ಹಾಕುವುದೇ ಹೊಸ ಹುಡುಗರಿಗೆ ಮೊದಲ ಸಾಮು.

ಇದನ್ನೆಲ್ಲ ನನಗೆ ಹೇಳಿದವರು ಊರಿನ ಹಿರಿಯ ವಸ್ತಾದರು. ನಾನು ಅವರನ್ನು ಮುತ್ಯಾ ಎನ್ನುತ್ತೇನೆ. ವಯಸ್ಸು ಎಪ್ಪತ್ತಾರು. ಮೊದಲ ದಿನ ನಾನು ಗರಡಿಮನೆಯ ಬಾಗಿಲಿಗೆ ಹೋದಾಗ ಅವರು ಸಿಟ್ಟಾಗಲಿಲ್ಲ, ಒಳಗೆ ಕರೆಯಲೂ ಇಲ್ಲ. "ಇಲ್ಲೇ ಕಟ್ಟಿ ಮ್ಯಾಲ ಕೂಡ್ರು ತಂಗಿ. ಒಳಗ ಹೆಣ್ಮಕ್ಕಳು ಬರೂದಿಲ್ಲ. ನೀ ಏನ್ ಕೇಳ್ತಿ ಕೇಳು, ನಾ ಹೊಸ್ತಿಲದಾಗ ಕುಂದರ್ತೀನಿ" ಎಂದರು. ಅಂದಿನಿಂದ ನಮ್ಮ ಮಾತುಕತೆ ಎಲ್ಲ ಹೀಗೇ. ಅವರು ಹೊಸ್ತಿಲ ಆ ಬದಿ, ನಾನು ಈ ಬದಿ, ನಡುವೆ ನನ್ನ ಮೊಬೈಲ್‌ನ ರೆಕಾರ್ಡರ್. ಕತ್ತಲ ಕೋಣೆಯೊಳಗೆ ಹನುಮಪ್ಪನ ಫೋಟೊ, ಮೂಲೆಯಲ್ಲಿ ಒಂದು ಜೋಡಿ ಕರ್ಲಾ, ಎತ್ತುವ ಕಲ್ಲಿನ ಗುಂಡು ಕಾಣುತ್ತವೆ. ಈಗ ಅಲ್ಲಿ ಸಂಜೆ ಹೊತ್ತು ನಾಲ್ಕೈದು ಹುಡುಗರು ಬರುತ್ತಾರೆ. ಅವರಿಗೂ ಪೊಲೀಸ್ ಭರ್ತಿಯ ಓಟದ ಮೇಲೇ ಕಣ್ಣು.

ಮುತ್ಯಾ ತಾಲೀಮಿಗೆ ಬಿದ್ದಾಗ ಹನ್ನೊಂದು ವರ್ಷ. ಬೆಳಗಿನ ನಾಲ್ಕಕ್ಕೆ ಏಳುವುದು, ಓಟ, ದಂಡ, ಬೈಠಕ್. ಆಮೇಲೆ ಮಣ್ಣಿಗೆ ಕೈಮುಗಿದು ಇಳಿದು ಜೋರ ಮಾಡುವುದು. ಜೋರ ಎಂದರೆ ಇಬ್ಬರು ಹಿಡಿದು ಅಭ್ಯಾಸ ಮಾಡುವುದು, ಗೆಲ್ಲಲಿಕ್ಕಲ್ಲ. ಅವರ ವಸ್ತಾದರು ಬಾಯಿಬಿಟ್ಟು ಪಾಠ ಹೇಳಿದ್ದು ಕಡಿಮೆ. "ಅಂವ ನನ್ನ ಹಿಡಕೊಂಡು ಢಾಕ್ ಹೊಡೀತಿದ್ದ. ನಾ ಬೀಳತಿದ್ದೆ. ಮತ್ತ ಹೊಡೀತಿದ್ದ, ಮತ್ತ ಬೀಳತಿದ್ದೆ. ಆರು ತಿಂಗಳ ಬಿದ್ದ ಮ್ಯಾಲ ಢಾಕ್ ನನ್ನ ಮೈಯಾಗ ಬಂತು" ಎಂದರು. ನಾನು ಢಾಕ್ ಹೊಡೆಯುವ ಬಗೆಯನ್ನು ಬರೆದುಕೊಳ್ಳಲು ನೋಡಿದೆ: ಕೈ ಎಲ್ಲಿ, ಸೊಂಟ ಎಲ್ಲಿ, ಕಾಲು ಯಾವಾಗ. ಓದಿ ಹೇಳಿದಾಗ ಅವರು ನಕ್ಕು, "ಖರೆ ಐತಿ, ಆದ್ರ ಇದನ್ನ ಓದಿ ಹೊಡದ್ರ ನೀನೇ ಬೀಳತಿ" ಎಂದರು.

ಕಲಿಸುವವನ ಬದುಕೂ ಸುಲಭದ್ದಲ್ಲ. ವಸ್ತಾದನಾದವನು ಮೈದಾನದಲ್ಲಿ ಹಿಡಿಯುವುದನ್ನು ಬಿಟ್ಟಿರಬಹುದು, ಆದರೆ ದಿನವೂ ಶಿಷ್ಯರ ಜೊತೆ ಮಣ್ಣಿಗೆ ಇಳಿಯಲೇಬೇಕು. ಸಂಬಳವಿಲ್ಲ. ಶಿಷ್ಯನ ಖುರಾಕಿಗೆ ಹಾಲು, ತುಪ್ಪ, ಬದಾಮಿ ಹೊಂದಿಸುವ ಚಿಂತೆಯೂ ಎಷ್ಟೋ ಸಲ ಇವನದ್ದೇ. 1972ರ ಬರದಲ್ಲಿ ಮುತ್ಯಾನ ಮನೆಯ ಎರಡು ಎಮ್ಮೆ ಹೋದವು. ಜಾತ್ರೆಯ ಕಡೇ ಕುಸ್ತಿಯಲ್ಲಿ ಗೆದ್ದ ಬೆಳ್ಳಿಯ ಕಡಗವನ್ನು ಮಾರಿ ಜೋಳ ತಂದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು, ಪೈಲ್ವಾನನಿಗೆ ಮೈ ತುಂಬುವ ವಯಸ್ಸು. "ಆ ಎರಡ್ ವರ್ಷ ರೊಟ್ಟೀನ ಇದ್ದಿಲ್ಲ, ಬದಾಮಿ ಎಲ್ಲಿಂದ ತರ್ಲಿ" ಎನ್ನುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

ಈ ವಿದ್ಯೆಯ ಶಬ್ದಗಳನ್ನು ನೋಡಿದರೇ ಇದರ ಚರಿತ್ರೆ ಕಾಣುತ್ತದೆ. ವಸ್ತಾದ, ಪೈಲ್ವಾನ, ತಾಲೀಮು ಎಲ್ಲವೂ ಪಾರ್ಸಿ-ಅರಬ್ಬಿಯಿಂದ ಬಂದು ನಮ್ಮ ಬಾಯಲ್ಲಿ ಕನ್ನಡವಾದವು. ಹನುಮಪ್ಪನ ಫೋಟೊದ ಮುಂದೆ ಮುಸಲರ ಹುಡುಗರೂ ಮಣ್ಣು ಹಣೆಗೆ ಹಚ್ಚಿಕೊಂಡೇ ಇಳಿಯುತ್ತಿದ್ದರು ಎಂದು ಮುತ್ಯಾ ಹೇಳುತ್ತಾರೆ. ಆದರೆ ಕುಸ್ತಿ ಈ ಶಬ್ದಗಳಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ಅವರ ಬಲ, ವಯಸ್ಸು ನೋಡಿ ದರ್ಜೆ ಮಾಡುವುದು, ಅವರಿಗೆ ಏನು ಉಣಿಸಬೇಕು, ಹೇಗೆ ಪಳಗಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅರಮನೆ ಹೋದಮೇಲೆ ಆ ಹೊಣೆ ಊರಿಗೆ ಬಂತು. ಜಾತ್ರೆಯ ಪಂಚರು ಜೋಡಿ ಹಚ್ಚುತ್ತಿದ್ದರು, ಹಲಗಿ ಬಾರಿಸುತ್ತಿದ್ದರು, ಇನಾಮು ಕೊಡುತ್ತಿದ್ದರು. ಮೊದಲು ಸಣ್ಣ ಹುಡುಗರ ಕಾಯಿ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಕೊನೆಗೆ ಜಂಗೀ ನಿಕಾಲಿ ಕುಸ್ತಿ. ಒಬ್ಬ ಚಿತ್ ಆಗುವವರೆಗೆ ಮುಗಿಯುವುದಿಲ್ಲ. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೂ ಭಾರ ಎತ್ತುವ ಸ್ಪರ್ಧೆಯೂ ಇವತ್ತಿಗೂ ಇವೆ.

ಈ ಎಲ್ಲ ಕುಸ್ತಿಗಳ ದಾಖಲೆ ಎಲ್ಲಿದೆ? ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬಂತು. ವಿಶ್ವವಿದ್ಯಾಲಯದಲ್ಲಿ ನನ್ನ ಅಧ್ಯಾಯ ಓದಿದ ಹಿರಿಯರೊಬ್ಬರು, "ಮುದುಕರು ತಮ್ಮ ಪ್ರತಾಪ ಹೇಳಿಕೊಳ್ಳುತ್ತಾರೆ, ಅದಕ್ಕೆ ಆಧಾರವೇನು?" ಎಂದು ಕೇಳಿದರು. ಅದೇ ತಿಂಗಳು ಮುತ್ಯಾನ ಅರ್ಜಿಯೂ ವಾಪಸು ಬಂತು. ಕಷ್ಟದಲ್ಲಿರುವ ಮಾಜಿ ಪೈಲ್ವಾನರಿಗೆ ನಮ್ಮ ರಾಜ್ಯದಲ್ಲಿ ಮಾಸಾಶನವಿದೆ. ರಾಜ್ಯ ಮಟ್ಟ, ರಾಷ್ಟ್ರ ಮಟ್ಟ, ಅಂತಾರಾಷ್ಟ್ರೀಯ ಮಟ್ಟ ಎಂದು ವಿಂಗಡಣೆ. ಜಾತ್ರೆಯ ಮಟ್ಟ ಎಂಬುದೊಂದು ಕಾಲಂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮೈದಾನಗಳಲ್ಲೂ ಹಿಡಿದಿದ್ದ ಮುತ್ಯಾ, "ಮಹಾರಾಷ್ಟ್ರಕ್ಕ ಹೋಗಿ ಕೆಡವಿ ಬಂದೀನಿ. ಅದು ರಾಷ್ಟ್ರ ಮಟ್ಟ ಅಲ್ಲೇನು?" ಎಂದು ಕೇಳಿದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಹೆಸರು ಅಚ್ಚಾಗಿದ್ದ ಕುಸ್ತಿಯ ಹ್ಯಾಂಡ್‌ಬಿಲ್ಲುಗಳನ್ನು ಟ್ರಂಕಿನಲ್ಲಿ ಇಟ್ಟಿದ್ದರಂತೆ. ಒರಲಿ ತಿಂದು ಹೋಗಿದ್ದವು.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಹುಡುಗಿ ಟೇಕ್ವಾಂಡೊ ಕಲಿತವಳು. ಅವಳ ಬಳಿ ಹಳದಿ ಬೆಲ್ಟಿನಿಂದ ಹಿಡಿದು ಪ್ರತಿ ಮೆಟ್ಟಿಲಿಗೂ ಒಂದೊಂದು ಪ್ರಮಾಣಪತ್ರವಿದೆ. ಅದನ್ನು ನೋಡಿದ ಹೊಟ್ಟೆಕಿಚ್ಚಿನಿಂದಲೇ ನಾನು ಕೊರಿಯಾದ ಹಿರಿಯ ಗುರುಗಳ ಬಗ್ಗೆ ಓದತೊಡಗಿದ್ದು. ಓದುತ್ತ ಹೋದಾಗ ಸಿಕ್ಕವರು ಸೊಂಗ್ ದೊಕ್-ಗಿ. 1893ರಲ್ಲಿ ಸೋಲ್‌ನಲ್ಲಿ ಹುಟ್ಟಿದವರು. ತೆಕ್ಕ್ಯೊನ್ ಎಂಬ, ಕಾಲಿನಿಂದ ಒದೆಯುವ, ಕಾಲಿಗೆ ಕಾಲು ಕೊಟ್ಟು ಬೀಳಿಸುವ ಹಳೆಯ ವಿದ್ಯೆಯನ್ನು ಹುಡುಗನಿದ್ದಾಗ ಇಮ್ ಹೋ ಎಂಬ ಗುರುವಿನಿಂದ ಕಲಿತರು. ಅದೂ ನಮ್ಮ ಕುಸ್ತಿಯ ಹಾಗೆ ಹಬ್ಬದ ದಿನ ಊರೂರುಗಳ ನಡುವೆ ನಡೆಯುತ್ತಿದ್ದ ಆಟ. 1910ರಿಂದ 1945ರವರೆಗಿನ ಜಪಾನೀ ಆಳ್ವಿಕೆಯಲ್ಲಿ ಅದು ಬಹುತೇಕ ಅಳಿದೇಹೋಯಿತು. ಬಲ್ಲವರು ಬೆರಳೆಣಿಕೆಯಷ್ಟು ಉಳಿದರು. ಶಿನ್ ಹಾನ್-ಸುಂಗ್ ಎಂಬ ಕಿರಿಯರೊಬ್ಬರು ಈ ಮುದುಕರ ಬೆನ್ನು ಹತ್ತಿ ಕಲಿತು, ಪಟ್ಟುಗಳನ್ನೆಲ್ಲ ಬರೆದು ಕ್ರಮಕ್ಕೆ ತಂದರು. 1983ರಲ್ಲಿ ಕೊರಿಯಾ ಸರ್ಕಾರ ತೆಕ್ಕ್ಯೊನ್ ಅನ್ನು ದೇಶದ ಸಾಂಸ್ಕೃತಿಕ ಸ್ವತ್ತು ಎಂದು ಸಾರಿತು. ಅದರ ಜೊತೆಗೇ ಇವರಿಬ್ಬರನ್ನು ಆ ವಿದ್ಯೆಯ ಧಾರಕರು ಎಂದು ಹೆಸರಿಸಿತು. ಆಗ ಸೊಂಗ್ ಅವರಿಗೆ ತೊಂಬತ್ತು. ನಾಲ್ಕೇ ವರ್ಷದಲ್ಲಿ, 1987ರಲ್ಲಿ, ಗುರು-ಶಿಷ್ಯ ಇಬ್ಬರೂ ತೀರಿಕೊಂಡರು. 2011ರಲ್ಲಿ ತೆಕ್ಕ್ಯೊನ್ ಯುನೆಸ್ಕೊ ಪಟ್ಟಿ ಸೇರಿತು. 2018ರಲ್ಲಿ ಅವರ ಕುಸ್ತಿಯಾದ ಸ್ಸಿರುಮ್ ಅನ್ನು ಉತ್ತರ, ದಕ್ಷಿಣ ಎರಡೂ ಕೊರಿಯಾಗಳ ಹೆಸರಲ್ಲಿ ಒಟ್ಟಿಗೇ ಸೇರಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1983ರ ಆ ಮಾತು. ಅಲ್ಲಿ ಮುದುಕನಿಗೆ ಯಾರೂ ಬಾಲ್ಯದ ಪ್ರಮಾಣಪತ್ರ ಕೇಳಲಿಲ್ಲ. ಅವನ ಮೈಯಲ್ಲಿ ಏನಿದೆ ಎಂದು ನೋಡಿದರು, ಅದನ್ನು ಕಲಿಸು ಎಂದರು. ನಮ್ಮಲ್ಲಿ ಕಾಗದವಿದ್ದವರ ಕಥೆಯೂ ಬೇರೆಯಲ್ಲ. ಕೊಲ್ಲಾಪುರದಲ್ಲಿ ಪಳಗಿದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅವರು 1984ರಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಇಷ್ಟನ್ನೂ ನಾನು ಹೊಸ್ತಿಲ ಈಚೆ ಕೂತು ಮುತ್ಯಾನಿಗೆ ಹೇಳಿದೆ. ತೊಂಬತ್ತರ ಮುದುಕನ ವಿಷಯ ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀ ಬರೇ ನಾ ಗೆದ್ದಿದ್ದ ಬರಕೊಂಡಿ. ಯಾರ ಕೈಯಾಗ ಸೋತೆ, ಅದನ್ನೂ ಬರಕೋ" ಎಂದರು. ಯಾಕೆ ಎಂದೆ. "ಗೆದ್ದಾಂವ ಮರೀತಾನ, ಸೋತಾಂವ ಮರಿಯೂದಿಲ್ಲ. ನಾ ಸೋತಿದ್ದ ನನಗ ನೆನಪೈತಿ. ಹಂಗ ನನ್ನ ಕೈಯಾಗ ಸೋತಾಂವಗ ನನ್ನ ನೆನಪಿರ್ತೈತಿ. ಹೋಗಿ ಕೇಳು." ಅಂದು ಅವರು ಏಳು ಹೆಸರು ಹೇಳಿದರು. ಯಾವ ಊರ ಜಾತ್ರೆ, ಎಷ್ಟು ಹೊತ್ತು, ಯಾವ ಡಾವಿಗೆ ಬಿದ್ದದ್ದು, ಎಲ್ಲವನ್ನೂ.

ಏಳು ಜನರಲ್ಲಿ ಬದುಕಿದ್ದವರು ಒಬ್ಬರು. ಭೀಮಾ ನದಿಯ ಆಚೆ, ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸಿಂದಗಿ, ಆಲಮೇಲ ದಾಟಿ, ಎರಡು ಬಸ್ಸು ಬದಲಿಸಿ ಹೋದೆ. ಆ ಅಜ್ಜ ಹಾಸಿಗೆ ಹಿಡಿದಿದ್ದರು. ಮೋರಟಗಿಯಿಂದ ಬಂದೆ ಎಂದ ಕೂಡಲೇ, ನಾನು ಹೆಸರು ಹೇಳುವ ಮೊದಲೇ, ಅವರು ಮುತ್ಯಾನ ಹೆಸರು ಹೇಳಿದರು. "ಒಂದ್ ಸಲ ನಾ ಅವಂಗ ಕೆಡವೀನಿ, ಒಂದ್ ಸಲ ಅಂವ ನನಗ ಕೆಡವ್ಯಾನ. ಮೂರನೇದು ಮಳಿ ಬಂದು ನಿಂತೋತು. ಅದು ಬಾಕಿ ಅದ ಅಂತ ಹೇಳು" ಎಂದರು. ಮುತ್ಯಾನ ಢಾಕ್ ಎಡಗಡೆಯಿಂದ ಬರುತ್ತಿತ್ತು, ಅದನ್ನು ಕಾಯುವುದು ಕಷ್ಟ ಎಂದು ಮಲಗಿದಲ್ಲಿಂದಲೇ ಕೈ ಎತ್ತಿ ತೋರಿಸಿದರು. ಮುತ್ಯಾ ಎಡಗೈ ಬಳಸುವವರು ಎಂಬುದು ನಾಲ್ಕು ವರ್ಷ ಅವರೆದುರು ಕೂತ ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಬಲ್ಲವರು ಅವರಿಂದ ಬಿದ್ದವರೇ.

ಅಜ್ಜನ ಮಗ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ ಕೊಟ್ಟರು. ಮುತ್ಯಾನ ಹೊಸ ಅರ್ಜಿಗೆ ಅದನ್ನು ಲಗತ್ತಿಸಿದ್ದೇವೆ. ಕಚೇರಿ ಅದನ್ನು ದಾಖಲೆ ಎಂದು ಒಪ್ಪುತ್ತದೋ ಇಲ್ಲವೋ, ಎಂಟು ತಿಂಗಳಾದರೂ ಉತ್ತರವಿಲ್ಲ. ನನ್ನ ಪ್ರಬಂಧಕ್ಕೆ ಮಾತ್ರ ಅದರಿಂದ ದಾರಿ ಸಿಕ್ಕಿತು. ಈಗ ಯಾರ ಗೆಲುವನ್ನೂ ಅವರ ಮಾತಿನ ಮೇಲಷ್ಟೇ ಬರೆಯುವುದಿಲ್ಲ. ಬಿದ್ದವರ ಮನೆಗೆ ಹೋಗಿ ಕೇಳುತ್ತೇನೆ. ಪಂಚರು ಜಾತ್ರೆಯಲ್ಲಿ ಹಚ್ಚುತ್ತಿದ್ದ ಜೋಡಿಗಳನ್ನು ಐವತ್ತು ವರ್ಷದ ಮೇಲೆ ನಾನು ಮತ್ತೆ ಹಚ್ಚುತ್ತಿದ್ದೇನೆ. ಆಧಾರ ಕೇಳಿದ ಹಿರಿಯರಿಗೆ ಆ ಅಧ್ಯಾಯವನ್ನು ಮತ್ತೆ ಕೊಟ್ಟಿದ್ದೇನೆ.

ಬಾಕಿ ಉಳಿದ ಕುಸ್ತಿಯ ಮಾತನ್ನು ಮುತ್ಯಾನಿಗೆ ಮುಟ್ಟಿಸಿದೆ. ಅವರು ಕೋಲು ಊರಿ ಎದ್ದು ನಿಂತು, "ಮಳಿ ಬಂದಿದ್ದಕ್ಕ ಉಳದಾನ ಅಂತ ಹೇಳು" ಎಂದರು. ಅದನ್ನು ಹೇಳಲು ಫೋನು ಮಾಡಿದಾಗ ಆ ಮಗ ತಂದೆಯ ಕಿವಿಗೆ ಮೊಬೈಲ್ ಹಿಡಿದರಂತೆ. ಇಬ್ಬರೂ ಮಾತಾಡಿದ್ದು ಕಡಿಮೆ, ನಕ್ಕಿದ್ದು ಹೆಚ್ಚು.

ನನ್ನ ಪಟ್ಟಿಯಲ್ಲಿ ಈಗ ಇಪ್ಪತ್ತಾರು ಪೈಲ್ವಾನರಿದ್ದಾರೆ. ಜೋಡಿ ಸಿಕ್ಕಿದ್ದು ಒಂಬತ್ತು ಜನರಿಗೆ. ಉಳಿದವರಲ್ಲಿ ಕೆಲವರ ಜೋಡಿ ಗುಳೇ ಹೋಗಿ ಊರು ತಪ್ಪಿದ್ದಾರೆ, ಹೆಚ್ಚಿನವರು ತೀರಿಕೊಂಡಿದ್ದಾರೆ. ಇಂಡಿ ಕಡೆ ಒಬ್ಬರು ಇದ್ದಾರೆ, ವಯಸ್ಸು ಎಂಬತ್ತೊಂದು ಎಂದು ಮೊನ್ನೆ ಯಾರೋ ಹೇಳಿದರು. ಈ ವಾರವೇ ಹೋಗುತ್ತಿದ್ದೇನೆ.