ಕೊಪಣನಾಡಿನ ಕಲ್ಲಿನ ಪಾಠಶಾಲೆ

ಹೊಸಪೇಟೆಯಿಂದ ಗದಗಿನ ಕಡೆಗೆ ಹೊರಟ ರೈಲು ತುಂಗಭದ್ರೆಯ ನೀರನ್ನು ಹಿಂದೆ ಬಿಟ್ಟು ಕೊಪ್ಪಳದ ಗುಡ್ಡಗಳನ್ನು ಸಮೀಪಿಸುವ ಹೊತ್ತಿಗೆ, ಹಂಪೆಯಲ್ಲಿ ಅಲೆದು ದಣಿದ ಪ್ರವಾಸಿಗರಲ್ಲಿ ಹೆಚ್ಚಿನವರು ಕಿಟಕಿಯಿಂದ ಹೊರಗೆ ನೋಡುವುದನ್ನೇ ಬಿಟ್ಟಿರುತ್ತಾರೆ. ನೋಡಬೇಕಾದುದನ್ನೆಲ್ಲ ನೋಡಿ ಮುಗಿಸಿದೆವೆಂಬ ತೃಪ್ತಿ ಅವರದು. ಆದರೆ ಈ ಸೀಮೆಯ ಜನ ತಲೆಮಾರುಗಳಿಂದ ಹೇಳುತ್ತ ಬಂದಿರುವ ಮಾತೇ ಬೇರೆ: ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಗಂಗಾವತಿಯ ಸೀಮೆಗೆ ಸೇರಿದ ಕನಕಗಿರಿಯ ಕನಕಾಚಲಪತಿ ದೇವಾಲಯವನ್ನು ಕುರಿತ ಗಾದೆ ಇದಾದರೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಇಡೀ ನಾಡಿಗೇ ಇದು ಒಪ್ಪುತ್ತದೆ. ಇಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು.

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಈ ನಾಲ್ಕು ತಾಲ್ಲೂಕುಗಳು ಕೊಪ್ಪಳ ಜಿಲ್ಲೆಯಾದವು. ಅನಂತರ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕು ಕೇಂದ್ರಗಳಾಗಿವೆ. ಜಿಲ್ಲೆ ಹೊಸದಾದರೂ ನಾಡು ಹಳೆಯದು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಯಲಬುರ್ಗಾ ಸಿಂದ ಅರಸರ ರಾಜಧಾನಿಯಾಗಿದ್ದ ಎರಂಬರಗೆ. ಗಂಗಾವತಿಯ ಕಡೆ ಕಾಲುವೆಯ ನೀರಿನಿಂದ ಹಸುರಾದ ಬತ್ತದ ಗದ್ದೆಗಳಿದ್ದರೆ, ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯನ್ನೇ ನಂಬಿದ ಹೊಲಗಳೂ ಗುಲಾಬಿ ಬಣ್ಣದ ಗ್ರಾನೈಟ್ ಕಲ್ಲಿನ ಗಣಿಗಳೂ ಕಾಣುತ್ತವೆ.

ಈ ನಾಡಿಗೆ ಯಾತ್ರಿಕರಲ್ಲದ, ಬರಿಯ ವಿಹಾರಾರ್ಥಿಗಳೂ ಅಲ್ಲದ ಒಂದು ವರ್ಗದ ಅತಿಥಿಗಳು ಬರುವುದುಂಟು. ಅವರ ಕೈಯಲ್ಲಿ ಹೂವು ಹಣ್ಣಿನ ತಟ್ಟೆಯಿಲ್ಲ. ಅಳತೆಯ ಟೇಪು, ತೂಗುಗುಂಡು, ದೊಡ್ಡ ಕಾಗದದ ಸುರುಳಿ ಇರುತ್ತವೆ. ಅವರು ವಾಸ್ತುಶಿಲ್ಪದ ವಿದ್ಯಾರ್ಥಿಗಳು. ನಮ್ಮ ದೇಶದಲ್ಲಿ ಈ ಪದವಿಯ ವ್ಯಾಸಂಗ ಐದು ವರ್ಷಗಳದು. 1972ರ ಕಾಯಿದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಕೊನೆಯ ವರ್ಷ ವಿದ್ಯಾರ್ಥಿಯು ಸ್ವಂತ ವಿನ್ಯಾಸವೊಂದನ್ನು ಸಿದ್ಧಪಡಿಸಿ ಪರೀಕ್ಷಕರ ಮುಂದಿಡಬೇಕು. ಅದಕ್ಕೆ ಮುನ್ನ ಅವನು ಕಲಿಯಬೇಕಾದ ವಿದ್ಯೆಗಳಲ್ಲಿ, ನಿಂತಿರುವ ಹಳೆಯ ಕಟ್ಟಡವೊಂದನ್ನು ಅಂಗುಲ ಅಂಗುಲವಾಗಿ ಅಳೆದು ಅದರ ನೆಲನಕ್ಷೆ, ಛೇದನಕ್ಷೆ, ಮುಂಭಾಗದ ನಕ್ಷೆಗಳನ್ನು ಬರೆಯುವುದೂ ಒಂದು.

ಹೊಸದನ್ನು ಕಲ್ಪಿಸಬೇಕಾದ ತರುಣನಿಗೆ ಹಳೆಯದನ್ನು ಅಳೆಯುವ ಈ ದುಡಿಮೆ ಏಕೆ? ಈ ಪ್ರಶ್ನೆಗೆ ಕೊಪಣನಾಡಿನ ಕಲ್ಲುಗಳು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುವ ಸ್ಥಳಗಳು ವಿರಳ.

ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟವನ್ನು ಮೊದಲು ಏರಬೇಕು. ಏರುದಾರಿ ಸುಗಮವಲ್ಲ, ಮುಳ್ಳುಗಿಡಗಳ ನಡುವೆ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಸಾಗಬೇಕು. ಮೇಲೆ ತಲುಪಿದಾಗ ಕಾಣುವ ನೋಟ ವಿಚಿತ್ರವಾದುದು. ಎರಡು ಸಾವಿರ ವರ್ಷಗಳಿಗಿಂತ ಹಿಂದಿನ ಶಿಲಾಸಮಾಧಿಗಳು ಅಲ್ಲಿ ನಾನೂರರಷ್ಟು ಹರಡಿಕೊಂಡಿವೆ. ಸುತ್ತಿನ ಜನ ಇವನ್ನು ಮೊರೇರ ಮನೆಗಳೆನ್ನುತ್ತಾರೆ. ಲಂಬವಾಗಿ ನಿಲ್ಲಿಸಿದ ಚಪ್ಪಡಿಗಳು, ಅವುಗಳ ಮೇಲೊಂದು ಮುಚ್ಚುಗಲ್ಲು, ಒಂದು ಚಪ್ಪಡಿಯಲ್ಲಿ ಕೊರೆದ ದುಂಡು ಕಂಡಿ: ಇಷ್ಟೇ ಇವುಗಳ ವಿನ್ಯಾಸ. ಗಾರೆಯಿಲ್ಲ, ಕೆತ್ತನೆಯಿಲ್ಲ. ಭಾರ ಭಾರದ ಮೇಲೆ ಕುಳಿತಿದೆ, ಭೂಮಿ ಅದನ್ನು ಹೊತ್ತಿದೆ. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಸ್ಥಳದಲ್ಲಿ ವಿದ್ಯಾರ್ಥಿಯು ತನ್ನ ವಿದ್ಯೆಯ ಮೊದಲಕ್ಷರವನ್ನು ಕಾಣುತ್ತಾನೆ. ಗೋಡೆ ಎಂದರೇನು, ಮಾಡು ಎಂದರೇನು, ಬಾಗಿಲು ಎಂದರೇನು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವಿಲ್ಲ.

ಅಕ್ಷರ ಕಲಿತವನು ವಾಕ್ಯಕ್ಕೆ ಬರಬೇಕು. ಅದಕ್ಕಾಗಿ ಜಿಲ್ಲೆಯ ಪಶ್ಚಿಮದ ಅಂಚಿಗೆ, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಕುಕನೂರಿಗೆ ಹೋಗಬೇಕು. ಅಲ್ಲಿನ ನವಲಿಂಗ ದೇವಾಲಯ ರಾಷ್ಟ್ರಕೂಟರ ಕಾಲದ್ದು. ‘ಕವಿರಾಜಮಾರ್ಗ’ ಹುಟ್ಟಿದ ಒಂಬತ್ತನೆಯ ಶತಮಾನದ ಕೃತಿ. ಒಂಬತ್ತು ಗರ್ಭಗೃಹಗಳು ಮಂಟಪಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡ ಗುಂಪು ಅದು. ಅದೇ ಊರಿನಲ್ಲಿ, ಸುಮಾರು ನೂರು ವರ್ಷಗಳ ತರುವಾಯ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಲೇಶ್ವರ ದೇವಾಲಯ ಎದ್ದಿತು.

ಸಾಮಾನ್ಯ ಪ್ರವಾಸಿಗೆ ಎರಡೂ ಹಳೆಯ ಗುಡಿಗಳೇ. ಆದರೆ ಅಳೆದು ಬರೆಯುವವನಿಗೆ ಎರಡರ ನಡುವೆ ನಡೆದ ಆಲೋಚನೆ ಕಾಣತೊಡಗುತ್ತದೆ. ಪಟ್ಟದಕಲ್ಲಿನ ಕಾಲದಿಂದ ಬಂದ ಶೈಲಿಯನ್ನು ಕಲ್ಲೇಶ್ವರದ ಶಿಲ್ಪಿಗಳು ತೊರೆಯಲಿಲ್ಲ. ಅದೇ ಅಧಿಷ್ಠಾನ, ಅದೇ ಅರೆಗಂಬಗಳ ಗೋಡೆ, ಅದೇ ಅಂತಸ್ತು ಅಂತಸ್ತಾಗಿ ಏರುವ ಶಿಖರ. ಆದರೆ ಅದರೊಳಗೇ ಹೊಸತೊಂದು ಹದ ಮೂಡಿದೆ. ಕಲಾ ಇತಿಹಾಸಕಾರ ಪರ್ಸಿ ಬ್ರೌನ್ ಈ ಗುಡಿಯನ್ನು ಹಳೆಯ ದ್ರಾವಿಡ ರೀತಿಗೂ ಕಲ್ಯಾಣದ ಚಾಲುಕ್ಯರ ರೀತಿಗೂ ನಡುವಣ ಸೇತುವೆಯಂತೆ ಪರಿಗಣಿಸಿದರು. ಶಾಲೆಯ ಹುಡುಗ ಕಾಪಿ ಬರೆಯುವಾಗ ಮೊದಲು ಗುರುವಿನ ಅಕ್ಷರವನ್ನೇ ತಿದ್ದುತ್ತಾನೆ. ತಿದ್ದುತ್ತ ತಿದ್ದುತ್ತ ಒಂದು ದಿನ ಅವನ ಕೈಯದೇ ಆದ ತಿರುವು ಆ ಅಕ್ಷರದಲ್ಲಿ ಮೂಡುತ್ತದೆ. ಕಲ್ಲೇಶ್ವರ ಅಂಥ ತಿರುವು.

ಹನ್ನೊಂದನೆಯ ಶತಮಾನದಲ್ಲಿ ಈ ತಿರುವು ಇನ್ನೂ ಮುಂದೆ ಸಾಗಿತು. ಒರಟಾದ ಮರಳುಗಲ್ಲನ್ನು ಬಿಟ್ಟು, ಉಳಿಗೆ ಮೃದುವಾಗಿ ಒಲಿಯುವ ಬಳಪದ ಕಲ್ಲನ್ನು ಶಿಲ್ಪಿಗಳು ಕೈಗೆತ್ತಿಕೊಂಡರು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಸುಮಾರು 1050ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ ಈ ಕಲ್ಲಿನ ಮೊದಮೊದಲ ಕೃತಿಗಳಲ್ಲಿ ಒಂದು. ಕಲ್ಲು ಬದಲಾದೊಡನೆ ಕೈಯೂ ಬದಲಾಯಿತು. ಕಂಬಗಳು ಚರಕಿಯ ಮೇಲೆ ಕಡೆದಂತೆ ನುಣುಪಾದವು; ಗೋಡೆಯ ಅರೆಗಂಬಗಳ ತಲೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳು ಮೂಡಿದವು.

ಕುಕನೂರಿನಿಂದ ಏಳೆಂಟು ಕಿಲೋಮೀಟರು ದೂರದ ಇಟಗಿಯಲ್ಲಿ ಈ ಎಲ್ಲ ಅಭ್ಯಾಸದ ಫಲ ನಿಂತಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇದು ಬರಿಯ ಹೊಗಳಿಕೆಯಲ್ಲ. 1926ರಲ್ಲಿ ಚಾಲುಕ್ಯ ವಾಸ್ತುವನ್ನು ಕುರಿತು ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಕನ್ನಡ ನಾಡಿನಲ್ಲಿ ಹಳೇಬೀಡಿನ ಬಳಿಕ ಇದಕ್ಕೇ ಸ್ಥಾನ ಕೊಟ್ಟರು. ಪೂರ್ವಾಭಿಮುಖವಾದ ಗರ್ಭಗೃಹ, ಅಂತರಾಳ, ದಕ್ಷಿಣೋತ್ತರ ದ್ವಾರಗಳುಳ್ಳ ನವರಂಗ, ಅದರ ಮುಂದೆ ವಿಶಾಲವಾದ ತೆರೆದ ಮಂಟಪ. ಆ ಮಂಟಪದಲ್ಲಿ ಒಮ್ಮೆ 68 ಕಂಬಗಳಿದ್ದವು. ಅವುಗಳಲ್ಲಿ 26 ಕಂಬಗಳು ಮುಖ್ಯ ಚಾವಣಿಯನ್ನು ಹೊತ್ತರೆ, ಉಳಿದ ಚಿಕ್ಕ ಕಂಬಗಳು ಇಳಿಜಾರಾದ ಅಂಚನ್ನು ಹೊತ್ತಿದ್ದವು. ಸುತ್ತಲೂ ಹದಿಮೂರು ಕಿರುಗುಡಿಗಳು, ಸಮೀಪದಲ್ಲಿ ಮೆಟ್ಟಿಲುಗಳ ಪುಷ್ಕರಣಿ. ತಾಯಿತಂದೆಗಳ ಹೆಸರಿನಲ್ಲಿಯೂ ಮಹಾದೇವ ದಂಡನಾಯಕ ಇಲ್ಲಿ ಗುಡಿಗಳನ್ನು ಕಟ್ಟಿಸಿದ. ಶಿಖರದ ತುದಿಯ ಕಳಸ ಇಂದಿಲ್ಲ. ಆದರೂ ಕಟ್ಟಡದ ಗಾಂಭೀರ್ಯಕ್ಕೆ ಕುಂದಿಲ್ಲ.

ಇಟಗಿಯ ಶಿಲ್ಪಿ ಶೂನ್ಯದಿಂದ ಈ ಚಕ್ರವರ್ತಿಯನ್ನು ಸೃಷ್ಟಿಸಿದನೆಂದು ನೋಡುಗನಿಗೆ ಅನಿಸಬಹುದು. ಅಳತೆಯ ನಕ್ಷೆ ಹಾಗೆ ಹೇಳುವುದಿಲ್ಲ. ಇಟಗಿಯ ವಿನ್ಯಾಸಕ್ಕೆ ಅಣ್ಣಿಗೇರಿಯ ಗುಡಿಯೇ ಆಧಾರ. ಅರುವತ್ತು ವರ್ಷಗಳ ಅಂತರದಲ್ಲಿ ಬದಲಾದದ್ದು ಗೋಡೆಯ ಕುಸುರಿ, ಪಟ್ಟಿಕೆಗಳ ತೀಕ್ಷ್ಣತೆ, ಕಿರುಗೋಪುರಗಳ ಜೋಡಣೆ. ಆಂಗ್ಲ ವಾಸ್ತುಶಿಲ್ಪಿ ಆ್ಯಡಮ್ ಹಾರ್ಡಿ ಏಳರಿಂದ ಹದಿಮೂರನೆಯ ಶತಮಾನದವರೆಗಿನ ಕರ್ಣಾಟ ದ್ರಾವಿಡ ದೇಗುಲಗಳನ್ನು ಅಭ್ಯಸಿಸಿ 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ರೇಖೆಗಳ ಮೂಲಕ ವಿವರಿಸಿದರು. ಒಂದು ದೇಗುಲವೆಂದರೆ ಅನೇಕ ಕಿರುದೇಗುಲಗಳ ಸಮೂಹ. ಒಂದರೊಳಗಿನಿಂದ ಮತ್ತೊಂದು ಹೊರಚಾಚುತ್ತ, ಹಿಂದಿನ ರೂಪದಿಂದಲೇ ಮುಂದಿನ ರೂಪ ಅರಳುತ್ತದೆ. ಹಿಂದಿನವರು ಮಾಡಿದ್ದನ್ನು ಪೂರ್ಣವಾಗಿ ತಿಳಿದು, ತಿದ್ದಬೇಕಾದುದನ್ನು ಮಾತ್ರ ತಿದ್ದುವುದು: ಮುನ್ನೂರು ವರ್ಷಗಳ ಈ ವಿದ್ಯಾಭ್ಯಾಸದ ಕ್ರಮ ಇಷ್ಟೇ. ವಿದ್ಯಾರ್ಥಿಯು ಟೇಪನ್ನು ಹಿಡಿದು ಅಳೆಯುವುದು ಕಲ್ಲನ್ನಲ್ಲ, ಈ ಕ್ರಮವನ್ನು.

ಹಾಗೆಂದು ದೇಗುಲದ ನಕ್ಷೆ ಬರೆದು ಮುಗಿಸಿದವನು ಊರಿಗೆ ಹಿಂದಿರುಗಿದರೆ ಪಾಠ ಅರ್ಧಕ್ಕೇ ನಿಂತಂತೆ. ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಸಾಗುವ ದಾರಿಯ ಹಳ್ಳಿಗಳಲ್ಲಿ ಅವನಿಗಾಗಿ ಬೇರೊಂದು ಪಾಠ ಕಾದಿದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. ಬೇಸಗೆಯ ಬಿಸಿಲು ತೀಕ್ಷ್ಣವಾದುದು. ಈ ಹವೆಗೆ ತಕ್ಕಂತೆ ಇಲ್ಲಿನವರು ಕಟ್ಟಿಕೊಂಡದ್ದು ಮಣ್ಣಿನ ಮಾಳಿಗೆಯ ಮನೆ. ದಪ್ಪನೆಯ ಗೋಡೆಗಳು, ಮರದ ಕಂಬ, ತೊಲೆ, ಜಂತಿಗಳು, ಅವುಗಳ ಮೇಲೆ ಹರಡಿದ ಮಣ್ಣಿನ ಹೊದಿಕೆ, ನೆತ್ತಿಯಲ್ಲೊಂದು ಬೆಳಕಿಂಡಿ. ಹೊಸ್ತಿಲು ದಾಟಿದರೆ ದನಕರುಗಳ ಸ್ಥಳ, ಅದರಾಚೆ ಎತ್ತರಿಸಿದ ಪಡಸಾಲೆ. ಹೊರಗೆ ಬೆಂಕಿ ಸುರಿಯುವಾಗಲೂ ಒಳಗೆ ತಂಪು. ಇದನ್ನು ಕಟ್ಟಿದವರು ಯಾವ ಕಾಲೇಜಿಗೂ ಹೋದವರಲ್ಲ. ಆದರೆ ಹಿಂದಿನವರ ಮನೆಯನ್ನು ಚೆನ್ನಾಗಿ ಬಲ್ಲವರು.

ಆದರೆ ಮಣ್ಣಿನ ಮನೆಯನ್ನು ದೂರದಿಂದ ಹೊಗಳುವುದು ಸುಲಭ, ಅದರಲ್ಲಿ ವಾಸಿಸುವುದು ಕಷ್ಟ. ಮಾಳಿಗೆಗೆ ಆಗಾಗ ಮಣ್ಣು ಹಾಕಿಸಬೇಕು; ಮಳೆ ಹಿಡಿದರೆ ಸೋರುತ್ತದೆ; ಗೋಡೆ ನೆನೆದರೆ ಪ್ರಾಣಕ್ಕೇ ಅಪಾಯ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. ಸಂತ್ರಸ್ತರಿಗಾಗಿ ಸರ್ಕಾರ ‘ಆಸರೆ’ ಯೋಜನೆಯನ್ನು ಕೈಗೊಂಡಿತು. ಅಂಥ ಮಳೆಯಲ್ಲಿ ಮನೆ ಕಳೆದುಕೊಂಡವನು ಕಾಂಕ್ರೀಟಿನ ಮಾಡನ್ನು ಬಯಸಿದರೆ ಅದು ಅವಿವೇಕವಲ್ಲ. ಆದರೆ ತೆಳುಗೋಡೆಯ ಮೇಲೆ ಹಾಸಿದ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಕುಡಿದು ಇರುಳಲ್ಲಿ ಒಳಗೆ ಕಾರುತ್ತದೆ. ಎತ್ತಿಗೆ, ಮೇವಿಗೆ, ಕಾಳಿಗೆ ಸ್ಥಳವಿಲ್ಲದ ಮನೆ ಒಕ್ಕಲಿಗನಿಗೆ ಅರ್ಧ ಮನೆಯೇ ಸರಿ.

ಹಾಗಾದರೆ ಯಾವುದು ಉಳಿಯಬೇಕು, ಯಾವುದು ಬದಲಾಗಬೇಕು? ಕಲ್ಲೇಶ್ವರದ ಶಿಲ್ಪಿಯ ಮುಂದಿದ್ದ ಪ್ರಶ್ನೆಯೇ ಇಂದಿನ ವಾಸ್ತುಶಿಲ್ಪ ಪದವೀಧರನ ಮುಂದೆಯೂ ಇದೆ. ದಪ್ಪ ಗೋಡೆಯನ್ನೂ ಪಡಸಾಲೆಯನ್ನೂ ಬೆಳಕಿಂಡಿಯನ್ನೂ ಉಳಿಸಿಕೊಂಡು, ಗೋಡೆಯ ಬುಡವನ್ನು ನೀರಿನಿಂದ ಕಾಪಾಡಿ, ಮಾಡನ್ನು ಮಾತ್ರ ಮಳೆಗೆ ಜಗ್ಗದಂತೆ ಮಾಡಬಲ್ಲವನು ಇಟಗಿಯ ಪಾಠವನ್ನು ಸರಿಯಾಗಿ ಕಲಿತವನು. ಇಟಗಿಯ ಕುಸುರಿಯನ್ನು ಸಿಮೆಂಟಿನಲ್ಲಿ ಅಚ್ಚು ಹೊಯ್ದು ಹೊಸ ಬಂಗಲೆಯ ಮುಂಬಾಗಿಲಿಗೆ ಅಂಟಿಸುವವನು ಅದನ್ನು ಕಲಿತಿಲ್ಲ.

ಇಂಥ ಕೆಲಸ ಅಸಾಧ್ಯವಲ್ಲವೆಂಬುದಕ್ಕೆ ಗಂಗಾವತಿ ತಾಲ್ಲೂಕಿನ ಆನೆಗುಂದಿಯಲ್ಲಿ ಸಾಕ್ಷಿಯಿದೆ. ಗಗನ ಮಹಲನ್ನೂ ಕೋಟೆಬಾಗಿಲನ್ನೂ ನೋಡಬಂದವರು ಅಲ್ಲಿನ ಓಣಿಗಳಲ್ಲಿ ಸುಣ್ಣ ಬಳಿದ ಗೋಡೆಯ, ಮರದ ಕಂಬಗಳ ಹಳೆಯ ಮನೆಗಳನ್ನೂ ಕಾಣುತ್ತಾರೆ. 1997ರಲ್ಲಿ ಸ್ಥಾಪಿತವಾದ ಕಿಷ್ಕಿಂದಾ ಟ್ರಸ್ಟ್ ಇಂಥ ಮನೆಗಳಲ್ಲಿ ಕೆಲವನ್ನು ದುರಸ್ತಿಗೊಳಿಸಿ ಅತಿಥಿಗೃಹಗಳಾಗಿ ಬಳಕೆಗೆ ತಂದಿತು. ಊರಿನ ಹೆಂಗಸರಿಗೆ ಬಾಳೆನಾರಿನ ಕರಕುಶಲದ ಉದ್ಯೋಗವನ್ನೂ ಒದಗಿಸಿತು.

ಅದೇ ಆನೆಗುಂದಿಯ ಹೊಳೆಯ ದಂಡೆಯಲ್ಲಿ ಇನ್ನೊಂದು ಪಾಠವೂ ಇದೆ, ಅದು ದುಃಖದ್ದು. ಆನೆಗುಂದಿಯನ್ನೂ ಆಚೆ ದಡದ ತಳವಾರಘಟ್ಟವನ್ನೂ ಕೂಡಿಸಲು ಆರಂಭವಾದ ಸೇತುವೆಯ ಕಾಮಗಾರಿ, 1999ರಲ್ಲಿ ಹಂಪೆ ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ ಬಳಿಕ ವರ್ಷಗಟ್ಟಲೆ ನಿಂತುಹೋಯಿತು. ಹರಿಗೋಲನ್ನೇ ನಂಬಿದ್ದ ಜನಕ್ಕೆ ಸೇತುವೆ ಬೇಕಿತ್ತು. ಹಂಪೆಯ ಭೂದೃಶ್ಯವನ್ನು ಕಾಯುವವರಿಗೆ ಅದು ಆ ರೂಪದಲ್ಲಿ ಬೇಡವಾಗಿತ್ತು. ಕೆಲಸ ಮತ್ತೆ ಮೊದಲಾಗಿ, 2009ರ ಜನವರಿಯಲ್ಲಿ ಮುಗಿಯುವ ಮೊದಲೇ ಸೇತುವೆ ಕುಸಿದು ಕೂಲಿಕಾರರು ಜೀವ ಕಳೆದುಕೊಂಡರು. ಕಾಗದದ ಮೇಲಿನ ರೇಖೆಯ ಹಿಂದೆ ಭಾರವಿದೆ, ಹೊಳೆಯಿದೆ, ಕಾನೂನಿದೆ, ಎಲ್ಲಕ್ಕಿಂತ ಮಿಗಿಲಾಗಿ ಅದರ ಕೆಳಗೆ ನಿಂತು ದುಡಿಯುವ ಮನುಷ್ಯನಿದ್ದಾನೆ. ವಿನ್ಯಾಸಕಾರನಾಗ ಹೊರಟ ತರುಣನು ಈ ದಂಡೆಯಲ್ಲಿ ಅರೆಗಳಿಗೆ ನಿಂತು ಹೋಗುವುದು ಒಳ್ಳೆಯದು.

ಕೊಪಣನಾಡಿಗೆ ಬರುವ ಸಾಮಾನ್ಯ ಪ್ರವಾಸಿಗನಿಗೆ ಟೇಪಾಗಲಿ ತೂಗುಗುಂಡಾಗಲಿ ಬೇಕಿಲ್ಲ. ಹಿರೇಬೆಣಕಲ್ಲಿಗೆ ಬೆಳಗಿನ ತಂಪಿನಲ್ಲಿ, ನೀರು ಬುತ್ತಿಗಳೊಡನೆ ಏರಬೇಕು; ಕುಕನೂರು, ಇಟಗಿಗಳನ್ನು ಒಂದೇ ದಿನ, ಆದರೆ ಕಟ್ಟಿದ ಕಾಲದ ಕ್ರಮದಲ್ಲಿಯೇ ನೋಡಬೇಕು. ನವಲಿಂಗದ ಗೋಡೆ ಕಣ್ಣಿನಲ್ಲಿ ಮಾಸುವ ಮುನ್ನ ಕಲ್ಲೇಶ್ವರದ ಮುಂದೆ ನಿಂತು, ಸಂಜೆಯ ಓರೆಬಿಸಿಲು ಬೀಳುವ ವೇಳೆಗೆ ಇಟಗಿಯನ್ನು ತಲುಪಿದರೆ, ಮುನ್ನೂರು ವರ್ಷಗಳ ಕಲಿಕೆ ಒಂದೇ ಹಗಲಿನಲ್ಲಿ ಕಣ್ಣೆದುರು ಸಾಗುತ್ತದೆ. ಮಕ್ಕಳನ್ನು ಜೊತೆಗೆ ಕರೆದೊಯ್ದವರು ದೇವರಿಗೆ ಕೈಮುಗಿಸಿದ ಬಳಿಕ, ಒಂದು ಕಂಬವನ್ನಾದರೂ ನೋಡಿಕೊಂಡು ಅದರ ಚಿತ್ರ ಬರೆಯಲು ಹೇಳಬೇಕು. ಅಷ್ಟು ಹೊತ್ತು ಒಂದೇ ಕಲ್ಲನ್ನು ನೋಡಿದ ಕಣ್ಣು, ಊರಿಗೆ ಹಿಂದಿರುಗಿದ ಮೇಲೆ ಅಜ್ಜನ ಮನೆಯ ಕಂಬವನ್ನೂ ಕೆಡವುವ ಮುನ್ನ ಒಮ್ಮೆ ನಿಂತು ನೋಡುತ್ತದೆ.