ಬಾನೆಟ್ ಮೇಲಿನ ಬೊಟ್ಟು

ಹೋದ ವರ್ಷ ದಸರಾ ರಜಕ್ಕೆ ಮೊಮ್ಮಗಳು ಪುಟ್ಟಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬಂದಾಗ, ನಮ್ಮ ಮನೆ ಮುಂದೆ ನಿಂತಿದ್ದ ಕೆಂಪು ಕಾರು ಕೆಂಪಾಗಿ ಉಳಿದಿರಲಿಲ್ಲ. ಬಾಗಿಲುಗಳು ಮಾತ್ರ ಹೇಗೋ ಕೆಂಪು. ಬಾನೆಟ್ಟು ಮತ್ತು ಮೇಲ್ಛಾವಣಿ ಗುಲಾಬಿ ಬಣ್ಣಕ್ಕೆ ತಿರುಗಿ ಬಿಳಿಚಿಕೊಂಡಿದ್ದವು. ಮುಟ್ಟಿದರೆ ಸೀಮೆಸುಣ್ಣ ಹಿಡಿದ ಹಾಗೆ ಬೆರಳಿಗೆ ಪುಡಿ ಹತ್ತುತ್ತಿತ್ತು.

"ತಾತ, ಇದಕ್ಕೆ ಹುಷಾರಿಲ್ವಾ?" ಎಂದಳು. ಅವಳಿಗೆ ಏಳನೇ ಕ್ಲಾಸು.

ನಿಜ ಹೇಳಬೇಕೆಂದರೆ ಹುಷಾರಿಲ್ಲದ್ದು ನನಗೆ. ವಯಸ್ಸು ಎಪ್ಪತ್ನಾಲ್ಕು. ಎರಡು ಕಣ್ಣಿಗೂ ಪೊರೆ ಆಪರೇಷನ್ ಆಗಿದೆ. ರಾತ್ರಿ ಎದುರಿನಿಂದ ಲಾರಿ ಬಂದರೆ ರಸ್ತೆಯೇ ಮಾಯವಾಗುತ್ತದೆ. "ಅಪ್ಪ, ಇನ್ನು ಓಡಿಸಿದ್ದು ಸಾಕು, ಯಾರಿಗಾದರೂ ಕೊಟ್ಟುಬಿಡಿ" ಎಂದು ಮಗ ಎರಡು ವರ್ಷದಿಂದ ಹೇಳುತ್ತಿದ್ದ. ಕೊನೆಗೆ ಒಪ್ಪಿದೆ. ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ ವಿಜಯದಶಮಿ ಕಳೆದು ಬರುವ ಭಾನುವಾರ ಕಾರು ನೋಡಲು ಬರುತ್ತೇನೆಂದಿದ್ದ. ಅಷ್ಟರೊಳಗೆ ಮನೆಯಲ್ಲೇ ಪಾಲಿಶ್ ಮಾಡಿ, ಸೀಲೆಂಟ್ ಹಚ್ಚಿ, ಕಾರಿಗೆ ಕಳೆ ತರಬೇಕೆಂದು ತೀರ್ಮಾನಿಸಿದೆ.

ಅದು ಮಾರುತಿ 800. ಈಗಿನ ಮಕ್ಕಳು ಹೆಚ್ಚಾಗಿ ನೋಡಿರಲಾರಿರಿ. 1983ರಲ್ಲಿ ಮೊದಲು ರಸ್ತೆಗೆ ಬಂದು, 2014ರಲ್ಲಿ ತಯಾರಿಕೆ ನಿಂತ ಕಾರು. ನಾವು ಕೊಂಡಿದ್ದು 2004ರಲ್ಲಿ. ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ ನಾನು ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ನಾಲ್ಕೇ ತಾಲ್ಲೂಕಿನಲ್ಲಿ ಸುತ್ತಿದವನು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿದ ಮೇಲೆ ಸಾಲ ಮಾಡಿ ಕೊಂಡ ಕಾರದು. "ದಾಸವಾಳದ ಬಣ್ಣದ್ದೇ ಬೇಕು" ಎಂದು ಆರಿಸಿದವಳು ನನ್ನ ಹೆಂಡತಿ. ಮೇಲುಕೋಟೆಯ ವೈರಮುಡಿ, ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ, ಎಲ್ಲ ಕಡೆಗೂ ಅದರಲ್ಲೇ ಹೋಗಿ ಬಂದೆವು. 2019ರಲ್ಲಿ ಅವಳು ಹೋದಳು. ಅಲ್ಲಿಂದಾಚೆಗೆ ಕಾರು ಹೆಚ್ಚಾಗಿ ಹೊಂಗೆ ಮರದ ಕೆಳಗೆ ನಿಂತೇ ಇತ್ತು.

ಮೊದಲ ದಿನ ತೊಳೆಯುವ ಕೆಲಸ. ಬಿಸಿಲೇರುವ ಮುಂಚೆ ನೆರಳಿನಲ್ಲಿ ಶುರುಮಾಡಿದೆವು. ಬಿಸಿ ತಗಡಿನ ಮೇಲೆ ಸೋಪು ಹಾಕಿದರೆ ಅಲ್ಲೇ ಒಣಗಿ ಕಲೆಯಾಗುತ್ತದೆ. ಎರಡು ಬಕೆಟ್ ಇಟ್ಟುಕೊಂಡೆವು, ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿನಲ್ಲಿ ಅದ್ದಬೇಕು. ಇಲ್ಲದಿದ್ದರೆ ಬಟ್ಟೆಗೆ ಹತ್ತಿದ ಮರಳಿನಿಂದಲೇ ಕಾರನ್ನು ಗೀರಿದ ಹಾಗಾಗುತ್ತದೆ. ಬೋರ್‌ವೆಲ್ ನೀರು ಗಡಸು. ಒಣಗಿದರೆ ಸುಣ್ಣದ ಚುಕ್ಕಿ ಉಳಿಯುತ್ತದೆ. ಅದಕ್ಕೇ ನಲ್ಲಿಯ ಕಾವೇರಿ ನೀರು ಹಿಡಿದು, ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿದೆವು.

ತೊಳೆದ ಕಾರು ಕಣ್ಣಿಗೆ ಸ್ವಚ್ಛ ಕಂಡಿತು. ಆಗ ಪುಟ್ಟಿಗೆ ಒಂದು ಪರೀಕ್ಷೆ ತೋರಿಸಿದೆ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಬೇಕು. ಬರಿಗೈಗೆ ತಿಳಿಯದ ತರಿತರಿ ಕವರಿನೊಳಗಿನ ಬೆರಳಿಗೆ ತಿಳಿಯುತ್ತದೆ. ಆಲೆಮನೆ ಕಡೆಯಿಂದ ಹಾರಿ ಬರುವ ಕರಿ, ರಸ್ತೆಯ ಡಾಂಬರು, ಮರದ ಅಂಟು ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಅದನ್ನು ತೆಗೆಯಲು ಕ್ಲೇ ಬಾರ್ ಎಂದು ಸಿಗುತ್ತದೆ, ಚಪಾತಿ ಹಿಟ್ಟಿನ ಉಂಡೆಯಂಥದ್ದು. ಸೋಪಿನ ನೀರು ಚಿಮುಕಿಸಿ ಅದನ್ನು ಜಾರಿಸಿದರೆ ಕೊಳೆಯೆಲ್ಲ ಉಂಡೆಗೆ ಹತ್ತುತ್ತದೆ. ಉಂಡೆ ನೆಲಕ್ಕೆ ಬಿದ್ದರೆ ಮಾತ್ರ ಎಸೆದುಬಿಡಬೇಕು. ನಮ್ಮದು ಒಂದು ಸಲ ಬಿತ್ತು. ಪುಟ್ಟಿ ಎತ್ತಿ ಊದಿ ಕೊಟ್ಟಳು. "ಬೇಡ ಮಗಳೇ, ಅದರಲ್ಲಿ ಈಗ ಮರಳಿದೆ" ಎಂದು ಎಸೆದು, ಇನ್ನರ್ಧ ಉಂಡೆಯಲ್ಲಿ ಕೆಲಸ ಮುಗಿಸಿದೆವು.

ಛಾವಣಿಯ ಮೇಲೆ ಹೋಗದ ಗುರುತೊಂದು ಭೂಪಟದ ಹಾಗೆ ಉಳಿದಿತ್ತು. ಅದು ರಂಗನತಿಟ್ಟಿನ ನೆನಪು. ಹಕ್ಕಿ ನೋಡಲು ಹೋಗಿ ಮರದ ಕೆಳಗೆ ಕಾರು ನಿಲ್ಲಿಸಿದ್ದೆ, ಹಿಕ್ಕೆ ಬಿದ್ದಿತ್ತು. ಸೋಮಾರಿತನದಿಂದ ನಾಲ್ಕು ದಿನ ಹಾಗೇ ಬಿಟ್ಟೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಬಣ್ಣ ಕಾದಾಗ ಅದು ಒಳಕ್ಕೆ ಕೊರೆಯುತ್ತದೆ. ಆವತ್ತೇ ಒಂದು ಚೊಂಬು ನೀರು ಹಾಕಿದ್ದರೆ ಸಾಕಾಗಿತ್ತು.

ಎರಡನೆಯ ದಿನ ಪಾಲಿಶ್. ರಬ್ಬರ್ ಬೀಡಿಂಗು, ಪ್ಲಾಸ್ಟಿಕ್ ಬಂಪರಿನ ಅಂಚಿಗೆಲ್ಲ ಟೇಪ್ ಅಂಟಿಸಿದೆವು. ಪಾಲಿಶ್ ತಾಗಿ ಒಣಗಿದರೆ ಅಲ್ಲಿ ಬಿಳಿ ಗುರುತು ನಿಂತುಬಿಡುತ್ತದೆ. ಸ್ಪಂಜಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಹಾಕಿ, ಎರಡಡಿ ಅಗಲದಷ್ಟು ಜಾಗವನ್ನು ಮಾತ್ರ ಹಗುರವಾಗಿ ಉಜ್ಜಿ, ಬೇರೆ ಬಟ್ಟೆಯಲ್ಲಿ ಒರೆಸಿದೆ.

"ಅಯ್ಯೋ ತಾತ, ಕಾರಿಗೆ ರಕ್ತ ಬರ್ತಿದೆ!" ಎಂದು ಪುಟ್ಟಿ ಕೂಗಿದಳು.

ಬಟ್ಟೆ ಪೂರ್ತಿ ಕೆಂಪಾಗಿತ್ತು. ಅವಳನ್ನು ಕೂರಿಸಿ ಲೆಕ್ಕ ಹೇಳಿದೆ. ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ. ಈಗಿನ ಕಾರುಗಳಿಗೆ ಬಣ್ಣದ ಮೇಲೆ ಗಾಜಿನಂಥ ಇನ್ನೊಂದು ಪದರ ಇರುತ್ತದೆ. ನಮ್ಮದಕ್ಕೆ ಅದಿಲ್ಲ, ಹಾಗಾಗಿ ಬಣ್ಣವೇ ಬಟ್ಟೆಗೆ ಬರುತ್ತದೆ. ಎಲ್ಲ ಪದರ ಸೇರಿದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ನಿನ್ನ ನೋಟ್‌ಬುಕ್ಕಿನ ಒಂದೆರಡು ಹಾಳೆಯ ದಪ್ಪ, ಅಷ್ಟೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೇಲಿನ ಬಣ್ಣವನ್ನು ಪುಡಿಮಾಡಿವೆ. ಪಾಲಿಶಿನಲ್ಲಿರುವ ನುಣ್ಣನೆಯ ಪುಡಿ ಆ ಸತ್ತ ಬಣ್ಣವನ್ನು ಕೆರೆದು ತೆಗೆಯುತ್ತದೆ. ಕೆಳಗಿನ ಹೊಸ ಕೆಂಪು ಆಗ ಕಾಣುತ್ತದೆ.

"ಅಂದ್ರೆ ಪಾಲಿಶ್ ಏನೂ ಹಾಕಲ್ಲ, ತೆಗೆಯುತ್ತೆ?"

"ಹೌದು. ಪ್ರತಿ ಸಲವೂ ಅಸಲಿನಿಂದಲೇ ತೆಗೆಯೋದು. ಬಡ್ಡಿ ಬರೋ ಖಾತೆ ಅಲ್ಲ ಇದು."

ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು ತಂದು ತೋರಿಸಿದೆ. ನಾಗಮಂಗಲ ಹಿಂದಿನಿಂದಲೂ ಕಂಚು ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು. ನಮ್ಮಮ್ಮ ಅಲ್ಲಿ ಕೊಂಡು, ತನ್ನ ಹೆಸರು ಕೊರೆಸಿದ್ದ ಚೊಂಬು ಅದು. ಹುಣಸೆಹಣ್ಣು, ಬೂದಿ ಹಾಕಿ ಅರವತ್ತು ವರ್ಷ ಬೆಳಗಿದ್ದಾರೆ. ಚಿನ್ನದ ಹಾಗೆ ಹೊಳೆಯುತ್ತದೆ. ಹೆಸರು ಮಾತ್ರ ಈಗ ಓದಲು ಬರುವುದಿಲ್ಲ.

ಪುಟ್ಟಿ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಾನೆಟ್ಟಿನ ಏಣಿನ ಮೇಲೆ ಬೆರಳಿಟ್ಟು, "ಇಲ್ಲಿ ಬಿಳೀದು ಏನಿದು ತಾತ?" ಎಂದಳು.

ಹಳೆಯ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಬಿಳಿ ಗುರುತು. ಅದನ್ನು ಮಾಡಿದವನು ನಾನೇ. 2011ರಲ್ಲಿ ನಿವೃತ್ತಿಯಾದ ಹೊಸದರಲ್ಲಿ ಕೈಗೆ ಕೆಲಸವಿರಲಿಲ್ಲ. ರಬ್ಬಿಂಗ್ ಕಾಂಪೌಂಡ್ ತಂದು ಒಂದಿಡೀ ಮಧ್ಯಾಹ್ನ ಉಜ್ಜಿದೆ. ಹೊಳೆಯುತ್ತಾ ಹೋದ ಹಾಗೆ ಆಸೆಯೂ ಹೆಚ್ಚುತ್ತಾ ಹೋಯಿತು. ಏಣಿನ ಮೇಲೆ, ಅಂಚಿನಲ್ಲಿ ಬಣ್ಣ ಇನ್ನೂ ತೆಳು, ಬೆರಳಿನ ಒತ್ತಡವೂ ಅಲ್ಲೇ ಹೆಚ್ಚು ಬೀಳುತ್ತದೆ. ನೋಡುತ್ತಿದ್ದ ಹಾಗೆ ಪ್ರೈಮರ್ ಕಾಣಿಸಿಕೊಂಡಿತು. ಹೆಂಡತಿ ಬಂದು ನೋಡಿ, "ರೀ, ಸೀದ ಪಾತ್ರೆ ತಿಕ್ಕಿದ ಹಂಗೆ ತಿಕ್ಕಿದ್ದೀರಲ್ಲ!" ಎಂದಳು. ಮುಂದಿನ ಆಯುಧಪೂಜೆಯ ದಿನ ಗಂಧ, ಕುಂಕುಮ ಕಲಸಿ ಸರಿಯಾಗಿ ಆ ಬಿಳಿಯ ಮೇಲೇ ದೊಡ್ಡ ಬೊಟ್ಟಿಟ್ಟಳು. "ಈಗ ಯಾರಿಗೂ ಕಾಣಲ್ಲ ಬಿಡಿ." ಪ್ರತಿ ವರ್ಷವೂ ಬೊಟ್ಟು ಅಲ್ಲೇ. ಮಾಸಿದರೆ ನಡುನಡುವೆ ಶುಕ್ರವಾರವೂ ಇಡುತ್ತಿದ್ದಳು.

ಇದೆಲ್ಲ ಹೇಳಿದ ಮೇಲೆ ಪುಟ್ಟಿ ಆ ಏಣಿನ ಮೇಲೂ ಟೇಪ್ ಅಂಟಿಸಿದಳು. ಅಲ್ಲಿಗೆ ಪಾಲಿಶ್ ಮುಟ್ಟಿಸಲಿಲ್ಲ. ಉಳಿದ ಕಡೆಯೂ ಒಂದೇ ಸುತ್ತು. ರಂಗನತಿಟ್ಟಿನ ಭೂಪಟ ಅರ್ಧ ಹೋಯಿತು, ಅರ್ಧ ಉಳಿಯಿತು. ಪೂರ್ತಿ ತೆಗೆಯಲು ಹೋಗಲಿಲ್ಲ.

ಸಂಜೆ ಸೀಲೆಂಟ್ ಬಾಟಲಿ ತೆಗೆದಾಗ ಪುಟ್ಟಿಗೆ ನಿರಾಸೆಯಾಯಿತು. ಸೀಲ್ ಎಂದರೆ ಅರಗು ಎಂದು ನಾನೇ ಹೇಳಿದ್ದೆ. ನಮ್ಮ ಕಾಲದಲ್ಲಿ ಬ್ಯಾಂಕಿನ ಹಣದ ಚೀಲ, ಬೀಗದ ಕೈ ಹಾಕಿದ ಲಕೋಟೆಗೆಲ್ಲ ಕೆಂಪು ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆವು. ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದೂ ಅರಗು ಮತ್ತು ಬಣ್ಣದ ಕಾರ್ಖಾನೆ ಎಂದೇ. ಈ ಸೀಲೆಂಟ್ ಅಂಥದ್ದಲ್ಲ, ಹಾಲಿನಂಥ ದ್ರವ. ಕೃತಕ ಪಾಲಿಮರಿನದು. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೂಬಾ ಎಂಬ ಮೇಣವನ್ನೂ ಕಾರಿಗೆ ಹಚ್ಚುವುದುಂಟು. ಅದರ ಹೊಳಪು ಚೆನ್ನ, ಆದರೆ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಪಾಲಿಮರ್ ಕೆಲವು ತಿಂಗಳು ನಿಲ್ಲುತ್ತದೆ. ಕೆಲಸ ಮಾತ್ರ ಅರಗಿನದೇ, ಒಳಗಿರುವುದನ್ನು ಕಾಯುವುದು.

ತೆಳುವಾಗಿ ಹಚ್ಚಬೇಕು. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುವುದಿಲ್ಲ, ಒರೆಸಲು ಕಷ್ಟ ಅಷ್ಟೆ. ಮಂಜು ಕವಿದ ಹಾಗೆ ಒಣಗಿದ ಮೇಲೆ ಬೆರಳಿನಲ್ಲಿ ಒಂದು ಗೆರೆ ಎಳೆದು ನೋಡಬೇಕು. ಗೆರೆ ಚೊಕ್ಕವಾಗಿ ಬಂದರೆ ಒರೆಸಬಹುದು, ಮಸುಕಾದರೆ ಇನ್ನಷ್ಟು ಕಾಯಬೇಕು. ಒರೆಸಿ ಮುಗಿಸಿದಾಗ ದೀಪ ಹಚ್ಚುವ ಹೊತ್ತು. ಬಾನೆಟ್ಟಿನಲ್ಲಿ ಪುಟ್ಟಿಯ ಮುಖ ಕಂಡಿತು, ಹಲ್ಲು ಎಣಿಸುವಷ್ಟು.

ಆಮೇಲೆ ಒಂದು ದಿನ ನೀರು ಸೋಕಿಸಬಾರದು. ಕಾರನ್ನು ಪಕ್ಕದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ, ನಾವಿಬ್ಬರೂ ದರಿಯಾ ದೌಲತ್‌ಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಪರದೆ ಯಾಕೆಂದು ಪುಟ್ಟಿ ಕೇಳಲಿಲ್ಲ. "ಇದಕ್ಕೂ ಬಿಸಿಲು ಆಗಲ್ಲ ಅಲ್ವಾ ತಾತ?" ಎಂದಳು. ಈ ಚಿತ್ರಗಳನ್ನು ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, 1855ರಲ್ಲಿ, ಮತ್ತೆ ಬರೆಸಿದರು ಎಂದೆ. ಮತ್ತೆ ಬರೆಸುವುದು ಸುಲಭದ ಮಾತಲ್ಲ, ಹಾಗಾಗಿ ಈಗ ಇರುವುದನ್ನು ಕಾಯುತ್ತಾರೆ.

ಆಯುಧಪೂಜೆಯ ದಿನ ಪುಟ್ಟಿಯೇ ಕಾರಿಗೆ ಹೂವು ಹಾಕಿದಳು. ಅಜ್ಜಿ ಇಡುತ್ತಿದ್ದ ಜಾಗದಲ್ಲೇ ಬೊಟ್ಟಿಟ್ಟಳು.

ಭಾನುವಾರ ಹುಡುಗ ಬಂದ. ಅವರಮ್ಮನೂ ಜೊತೆಗಿದ್ದರು. ಅವರ ಮನೆಗೆ ಮೊದಲ ಕಾರಂತೆ. 15 ವರ್ಷ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ಮಾಡಿಸುವ ನೋಂದಣಿ ನವೀಕರಣ, ವಿಮೆ, ಎಲ್ಲ ಕಾಗದ ನೋಡಿದ. ಇಂಜಿನ್ ಕೇಳಿದ. ಆ ತಾಯಿ ಬಾನೆಟ್ಟಿನ ಮೇಲಿನ ಬೊಟ್ಟು ಕಂಡು, ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. "ಐವತ್ತು ಸಾವಿರ ಆಗಬಹುದು ಸಾರ್" ಎಂದ ಹುಡುಗ.

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೊಟ್ಟನ್ನು ನಾನು ಮೋಸಕ್ಕೆಂದು ಇಡಿಸಿದ್ದಲ್ಲ, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ಮೂವತ್ತೆಂಟು ವರ್ಷ ಕೌಂಟರಿನಲ್ಲಿ ಕೂತು ಹರಿದ ನೋಟನ್ನು ಕಟ್ಟಿನ ನಡುವೆ ಸೇರಿಸಿ ಕೊಟ್ಟವನಲ್ಲ ನಾನು. ಒದ್ದೆ ಬಟ್ಟೆ ತಂದು ಬೊಟ್ಟನ್ನು ಒರೆಸಿದೆ. ಸೀಲೆಂಟ್ ಹಚ್ಚಿದ್ದರಿಂದ ಕುಂಕುಮ ಒಂದೇ ಸಲಕ್ಕೆ ಕಲೆಯಿಲ್ಲದೆ ಬಂದಿತು. ಬಿಳಿ ಗುರುತು ಕಂಡಿತು.

"ಇದು ನನ್ನ ಕೈಯಿಂದ ಆದ ತಪ್ಪು. ತುಕ್ಕು ಹಿಡಿದಿಲ್ಲ, ಆದರೆ ಬಣ್ಣ ಇಲ್ಲ. ನೋಡಿಕೊಂಡು ಹೇಳಪ್ಪ" ಎಂದೆ.

ಹುಡುಗ ಬಗ್ಗಿ ನೋಡಿದ. ಎರಡು ಸಾವಿರ ಕಡಿಮೆ ಮಾಡಿ ಎಂದ. ಮಾಡಿದೆ. ಅವರಮ್ಮನಿಗೆ ಇರಿಸುಮುರಿಸಾಯಿತೇನೋ, "ಪೂಜೆ ಮಾಡಿದ್ದ ಬೊಟ್ಟು ಒರೆಸಬಾರದಿತ್ತು ಅಣ್ಣ" ಎಂದರು. "ಇನ್ನು ಗಾಡಿ ನಿಮ್ಮದು. ನೀವೇ ಇಡಿ ತಾಯಿ" ಎಂದೆ. ಪುಟ್ಟಿ ಒಳಗಿನಿಂದ ಕುಂಕುಮದ ಬಟ್ಟಲು ತಂದಳು. ಆಕೆ ಅದೇ ಬಿಳಿಯ ಮೇಲೆ ಇಟ್ಟರು.

ಉಳಿದಿದ್ದ ಅರ್ಧ ಬಾಟಲಿ ಸೀಲೆಂಟ್, ಎರಡು ಬಟ್ಟೆ ಅವರಿಗೇ ಕೊಟ್ಟೆ. ಮೂರು ತಿಂಗಳಿಗೊಮ್ಮೆ ತೊಳೆದು ಹಚ್ಚು, ಪಾಲಿಶ್ ಮಾತ್ರ ಪದೇ ಪದೇ ಬೇಡ ಎಂದೆ. ಕಾರು ಬೀದಿ ತಿರುಗುವವರೆಗೂ ನಿಂತಿದ್ದು ಒಳಗೆ ಬಂದೆ. ಹೊಂಗೆ ಮರದ ಕೆಳಗೆ ಎಣ್ಣೆಯ ಕಪ್ಪು ಗುರುತೊಂದು ಉಳಿದಿದೆ.

"ಎರಡು ಸಾವಿರ ಹೋಯ್ತಲ್ಲ ತಾತ" ಎಂದಳು ಪುಟ್ಟಿ ರಾತ್ರಿ ಊಟಕ್ಕೆ ಕೂತಾಗ.

"ಅದು 2011ರಲ್ಲೇ ಹೋಗಿತ್ತು. ಇವತ್ತು ಲೆಕ್ಕಕ್ಕೆ ಬರೆದೆವು ಅಷ್ಟೆ."

ಸಂಕ್ರಾಂತಿಯ ದಿನ ಆ ಹುಡುಗ ಫೋನ್ ಮಾಡಿದ್ದ. ಎಳ್ಳು ಬೆಲ್ಲದ ಮಾತೆಲ್ಲ ಆದ ಮೇಲೆ, "ಸಾರ್, ಇವತ್ತು ಬೆಳಿಗ್ಗೆ ತೊಳೆದು ಎರಡನೇ ಸಲ ಹಚ್ಚಿದೆ. ನೀರು ಹಾಕಿದರೆ ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿಹನಿ ಉರುಳುತ್ತೆ" ಎಂದ. ಹಾಗೆ ಉರುಳುತ್ತಿದ್ದರೆ ಸೀಲೆಂಟ್ ಇನ್ನೂ ಇದೆ ಎಂದರ್ಥ. ನೀರು ಹಾಳೆಯ ಹಾಗೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂತೆಂದರ್ಥ.

ಮಕ್ಕಳೇ, ನಿಮ್ಮ ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ಈ ಭಾನುವಾರ ಒಂದು ಚೊಂಬು ನೀರು ಹಾಕಿ ನೋಡಿ. ತಾತನನ್ನೂ ಕರೆಯಿರಿ. ಜೋರಾಗಿ ಉಜ್ಜಲು ಮಾತ್ರ ಬಿಡಬೇಡಿ.