ಒಂದು ಲೋಟ ನೀರಿನ ದೂರ

ಊರು ಬಿಟ್ಟ ಕರಾವಳಿಯವರು ಮೀನನ್ನು ನೆನೆಯುತ್ತೇವೆ, ಮಳೆಯನ್ನು ನೆನೆಯುತ್ತೇವೆ, ಕುಚ್ಚಲಕ್ಕಿ ಗಂಜಿಯನ್ನಂತೂ ವಾರಕ್ಕೆರಡು ಸಲ ನೆನೆಯುತ್ತೇವೆ. ಅಲ್ಲಿಯ ಗಾಳಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಊರಲ್ಲಿದ್ದಾಗ ಅದನ್ನು ಬೈದೇ ನಮಗೆ ಗೊತ್ತು. ಬೆವರು, ಅಂಟು, ಒಗೆದ ಬಟ್ಟೆ ಒಣಗದ ಗೋಳು. ಆ ಒದ್ದೆ ಗಾಳಿಯೇ ನಮ್ಮ ಚರ್ಮವನ್ನು ಸಾಕಿತ್ತು ಎಂಬುದು ನನಗೆ ತಿಳಿದದ್ದು ಹೈದರಾಬಾದಿನ ಕೋಠಿಯಲ್ಲಿ, ಅಮ್ಮನ ಕಾಲುಗಳನ್ನು ನೋಡಿ.

ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ಉಡುಪಿ ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆತಂದೆ. ಬ್ಯಾಂಕ್ ಸ್ಟ್ರೀಟಿನ ಹತ್ತಿರ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ನವೆಂಬರ್ ಮುಗಿಯುವಷ್ಟರಲ್ಲಿ ಅವಳ ಮೊಣಕಾಲಿನ ಕೆಳಗಿನ ಚರ್ಮ ಬತ್ತಿದ ಕೆರೆಯಂತೆ ಬಿರಿಯಿತು. ರಾತ್ರಿಯಿಡೀ ಪರಚುವ ಸದ್ದು, ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ.

"ನನ್ನನ್ನು ಊರಿಗೆ ಬಿಟ್ಟು ಬಾ ಮಗಾ. ಇಲ್ಲಿಯ ಗಾಳಿಯಲ್ಲಿ ನೀರೇ ಇಲ್ಲ" ಅಂದಳು.

ಅವಳು ಹೇಳಿದ್ದು ನಿಜವೇ. ಹೈದರಾಬಾದು ಇರುವುದು ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ. ಚಳಿಗಾಲದಲ್ಲಿ ಬೀಸುವುದು ಒಳನಾಡಿನ ಒಣ ಗಾಳಿ. ಬಟ್ಟೆ ಎರಡು ತಾಸಿನಲ್ಲಿ ಒಣಗುತ್ತದೆ, ಅದೇ ಲೆಕ್ಕದಲ್ಲಿ ಚರ್ಮವೂ ಒಣಗುತ್ತದೆ. ಚರ್ಮದ ತೀರಾ ಮೇಲಿನ ಪದರ ಕೂದಲೆಳೆಗಿಂತ ತೆಳು. ಅದರ ಸತ್ತ ಕೋಶಗಳ ನಡುವೆ ಗಾರೆಯಂತೆ ಕೊಬ್ಬಿನ ಅಂಶ ತುಂಬಿಕೊಂಡು ಒಳಗಿನ ನೀರನ್ನು ತಡೆದಿರುತ್ತದೆ. ವಯಸ್ಸಾದಂತೆ ಆ ಗಾರೆ ಕಡಿಮೆಯಾಗುತ್ತದೆ. ಬಿಸಿನೀರು, ಸೋಪು ಉಳಿದದ್ದನ್ನೂ ತೊಳೆದುಬಿಡುತ್ತವೆ. ಡಾಕ್ಟರು ಶುಗರ್, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿ, "ಬೇರೇನೂ ಇಲ್ಲ, ಬರೀ ಒಣಗಿರುವುದು" ಎಂದರು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಪೂರ್ತಿ ಆರುವ ಮೊದಲೇ ಮುಲಾಮು ಹಚ್ಚಿ ಎಂದರು. ಅಮ್ಮನಿಗೆ ತೆಂಗಿನೆಣ್ಣೆಯೇ ಆಗಬೇಕು. ಡಿಸೆಂಬರಿನಲ್ಲಿ ಅದು ಬಾಟಲಿಯೊಳಗೆ ಮೇಣದಂತೆ ಹೆಪ್ಪುಗಟ್ಟಿರುತ್ತಿತ್ತು. ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸುವುದು ನನ್ನ ಬೆಳಗಿನ ಮೊದಲ ಕೆಲಸವಾಯಿತು.

ಹಗಲು ಇದರಿಂದ ಸುಧಾರಿಸಿತು, ರಾತ್ರಿ ಸುಧಾರಿಸಲಿಲ್ಲ. ಆಗ ಗುಜರಾತಿ ಗಲ್ಲಿಗೆ ಹೋಗಿ ಒಂದು ಹ್ಯುಮಿಡಿಫೈಯರನ್ನೂ, ತೇವಾಂಶ ಅಳೆಯುವ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಮೀಟರನ್ನೂ ತಂದೆ. ರಾತ್ರಿ ಹತ್ತಕ್ಕೆ ಮೀಟರು 32 ತೋರಿಸಿತು. ಚರ್ಮಕ್ಕೂ ಗೋಡೆಗೂ ಹಿತವಾದದ್ದು 40ರಿಂದ 50. ಅರವತ್ತು ದಾಟಿದರೆ ಬೂಷ್ಟು, ದೂಳಿನ ಹುಳು. ಬ್ಯಾಂಕಿನಲ್ಲಿ ದುಡಿಯುವವಳಾದ್ದರಿಂದ ಲೆಕ್ಕ ಹಾಕದೆ ಬಿಡಲಿಲ್ಲ. ಹತ್ತು ಅಡಿ ಎತ್ತರದ 10x12 ಕೋಣೆ, 22 ಡಿಗ್ರಿ ಸೆಲ್ಸಿಯಸ್. ಅದರ ಗಾಳಿಯನ್ನು 32ರಿಂದ 50ಕ್ಕೆ ಏರಿಸಲು ಬೇಕಾದದ್ದು ಸುಮಾರು 120 ಮಿಲಿಲೀಟರ್ ನೀರು, ಅಂದರೆ ಒಂದು ಸಣ್ಣ ಲೋಟ! ನಿದ್ದೆಗೂ ಪರಚಾಟಕ್ಕೂ ನಡುವೆ ಇದ್ದ ದೂರ ಅಷ್ಟೇ.

ಆದರೆ ಹಳೆಯ ಮನೆಯ ವೆಂಟಿಲೇಟರು, ಸರಿಯಾಗಿ ಕೂರದ ಕಿಟಕಿ ಈ ಲೆಕ್ಕವನ್ನು ಕೇಳಬೇಕಲ್ಲ. ತುಂಬಿದ ತೇವವೆಲ್ಲ ಸೋರಿಹೋಗುತ್ತಿತ್ತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ವೆಂಟಿಲೇಟರನ್ನು ಅರ್ಧ ಮಾತ್ರ ತೆರೆದಿಟ್ಟೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಅದರ ಸುಣ್ಣದಂಶವೂ ಮಂಜಿನೊಂದಿಗೆ ಹಾರಿ, ಕಪ್ಪು ಮೊಬೈಲಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಅದಕ್ಕೇ ಫಿಲ್ಟರ್ ನೀರು. ಅಂಗಡಿಯವನು "ನಾಲ್ಕು ಹನಿ ಸೆಂಟು ಹಾಕಿ ಮೇಡಂ" ಅಂದಿದ್ದ. ನಾನು ಹಾಕಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಇಂಥ ಯಂತ್ರದ ನೀರಿಗೆ ಬೆರೆಸುತ್ತಿದ್ದ ಕ್ರಿಮಿನಾಶಕ ಶ್ವಾಸಕೋಶಕ್ಕೆ ಇಳಿದು, ಹಸುಗೂಸುಗಳು, ಗರ್ಭಿಣಿಯರು ಸೇರಿ ಬಹಳ ಜನ ಸತ್ತರು. 2011ರಲ್ಲಿ ಸರ್ಕಾರ ಆ ಸರಕನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿತು. ಟ್ಯಾಂಕಿಗೆ ಏನು ಹಾಕುತ್ತೇವೋ ಅದನ್ನೇ ಉಸಿರಾಡುತ್ತೇವೆ. ಹಾಗಾಗಿ ದಿನವೂ ಉಳಿದ ನೀರು ಚೆಲ್ಲಿ ಟ್ಯಾಂಕ್ ಒಣಗಿಸುವುದು, ವಾರಕ್ಕೊಮ್ಮೆ ವಿನೆಗರ್ ಹಾಕಿ ತೊಳೆಯುವುದು. ನಿಮ್ಮ ಪೀಜಿಯಲ್ಲಿ ಯಂತ್ರಕ್ಕೆ ದುಡ್ಡಿಲ್ಲದಿದ್ದರೆ ರಾತ್ರಿ ಒಗೆದ ಬಟ್ಟೆಯನ್ನು ಕೋಣೆಯೊಳಗೇ ಹರವಿ. ಬಟ್ಟೆಯಿಂದ ಹೋಗುವ ನೀರೂ ಗಾಳಿಗೇ ಸೇರುವುದು.

ಅಸಲಿಗೆ ಗಾಳಿಗೆ ನೀರು ಕುಡಿಸುವುದು ಈ ನಗರಕ್ಕೆ ಹೊಸದಲ್ಲ. ಹಿಂದೆ ಬೇಸಿಗೆಯಲ್ಲಿ ದೊಡ್ಡ ಬಂಗಲೆಗಳಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಈಗ ಏಪ್ರಿಲ್ ಬಂದರೆ ಕಿಟಕಿ ಕಿಟಕಿಗೂ ಕೂಲರು. ಗಾಳಿ ಒಣಗಿದ್ದರೆ ಮಾತ್ರ ಅದು ತಂಪು ಕೊಡುತ್ತದೆ. ನಮ್ಮ ಉಡುಪಿಯಲ್ಲಿ ಹಚ್ಚಿದರೆ ಇನ್ನಷ್ಟು ಬೆವರು, ಅಷ್ಟೇ.

ಎರಡು ವಾರದಲ್ಲಿ ಅಮ್ಮನ ಕಾಲು ಮಾಯಿತು. ಪರಚುವ ಸದ್ದು ನಿಂತಿತು. ಅವಳು ಮಾತ್ರ ಮಲಗಲಿಲ್ಲ. ಒಂದು ರಾತ್ರಿ ಎದ್ದು ನೋಡಿದರೆ ಕತ್ತಲೆಯಲ್ಲಿ ಸುಮ್ಮನೆ ಕೂತಿದ್ದಾಳೆ.

"ತುರಿಕೆಯಾ ಅಮ್ಮ?"

"ಇಲ್ಲ. ಇವತ್ತು ಬೆಳಗಿಂದ ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಒಂದು ಮಾತಾಡಲಿಲ್ಲ ಮಗಾ."

ಕೆಳಗೆ ತರಕಾರಿಯವಳದು ತೆಲುಗು, ಪಕ್ಕದ ಮನೆಯವರದು ದಖ್ಖನಿ, ಎದುರಿನ ಅಂಗಡಿಯವರದು ಗುಜರಾತಿ. ತುರಿಕೆ ಇದ್ದಷ್ಟು ದಿನ ಊರಿಗೆ ಹೋಗಲು ಅವಳಿಗೆ ಒಂದು ಕಾರಣವಿತ್ತು. ಚರ್ಮ ಮಾಯ್ದ ಮೇಲೆ ಅದರ ಹಿಂದಿದ್ದ ಮಾತು ಹೊರಬಂತು. ಅಪ್ಪನ ವಿಷಯವನ್ನೂ ಅವಳು ಬಾಯಿಬಿಟ್ಟು ಆಡಿದ್ದು ಅದೇ ರಾತ್ರಿ, ಬೆಳಗಿನ ಜಾವದವರೆಗೆ.

ಮುಂದಿನ ಭಾನುವಾರ ಅವಳನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕರೆದೊಯ್ದೆ. ಹತ್ತಿರವೇ ಇದ್ದರೂ ಅದುವರೆಗೆ ನಮಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅಲ್ಲಿ ಕಲಬುರಗಿ ಕಡೆಯ ಅಜ್ಜಿಯೊಬ್ಬರು ಸಿಕ್ಕರು. ಇವಳ ಕನ್ನಡ ಅವರಿಗೆ ಅರ್ಧ, ಅವರದು ಇವಳಿಗೆ ಮುಕ್ಕಾಲು. ಆದರೂ ಇಬ್ಬರೂ ಎರಡು ಗಂಟೆ ಮಾತಾಡಿದರು.

ಈಗ ನಮ್ಮಲ್ಲೊಂದು ಒಪ್ಪಂದವಾಗಿದೆ. ಮನೆಯೊಳಗೂ ಬೂಷ್ಟು ಹಿಡಿಯುವ ಕರಾವಳಿಯ ಮಳೆಗಾಲದಲ್ಲಿ ಅವಳು ಇಲ್ಲಿ, ಚರ್ಮ ಬಿರಿಯುವ ಚಳಿಗಾಲದಲ್ಲಿ ಊರಿನ ಮಾವನ ಮನೆಯ ಪಕ್ಕದ ನಮ್ಮ ಮನೆಯಲ್ಲಿ. ಹ್ಯುಮಿಡಿಫೈಯರು ಈಗ ನನ್ನ ಕೋಣೆಗೆ ಬಂದಿದೆ. ಸೋಮವಾರ ವಿನೆಗರಿನಲ್ಲಿ ತೊಳೆಯುತ್ತೇನೆ. ಫೋನಿನಲ್ಲಿ ಅಮ್ಮ ಮೊದಲು ಕೇಳುವುದು, "ಕಾಲಿಗೆ ಎಣ್ಣೆ ಹಚ್ಚಿದೆಯಾ?"